ಓದುಗರ ಪ್ರಶ್ನೆ: ಸಾರುವೆ ಇದೆ, ಕೆಲಸದವರು ಎಲ್ಲಿ?

ಪ್ರಶ್ನೆ: ಹತ್ತೊಂಬತ್ತನೇ ಶತಮಾನದಲ್ಲಿ ದೊಡ್ಡ ಕಟ್ಟಡಗಳು ಮೇಲೇಳುತ್ತಿದ್ದಾಗ ತೆಗೆದ ಫೋಟೋಗಳನ್ನು ನೋಡಿದೆ. ಸಾರುವೆ ಇದೆ, ಕಲ್ಲಿನ ರಾಶಿ ಇದೆ, ಆದರೆ ಒಬ್ಬ ಆಳೂ ಇಲ್ಲ. ರಜಾ ದಿನ ನೋಡಿ ತೆಗೆಯುತ್ತಿದ್ದರಾ?

ಉತ್ತರ: ರಜಾ ದಿನವೇ ಆಗಿರಬೇಕಿಲ್ಲ. ಆಳುಗಳು ಅಲ್ಲೇ ಇದ್ದಿರಬಹುದು, ಕ್ಯಾಮೆರಾಗೆ ಸಿಕ್ಕಿಲ್ಲ ಅಷ್ಟೆ. ಆಗ ಲೆನ್ಸಿನ ಮುಚ್ಚಳ ತೆಗೆದು ತುಂಬ ಹೊತ್ತು ಕಾಯಬೇಕಿತ್ತು. 1838ರಲ್ಲಿ ಫೋಟೋ ತೆಗೆಯುವ ಕಲೆಯ ಮೊದಲಿಗರಲ್ಲಿ ಒಬ್ಬರಾದ ಡಾಗೇರ್ ಪ್ಯಾರಿಸ್ಸಿನ ಒಂದು ದೊಡ್ಡ ಬೀದಿಯ ಚಿತ್ರ ತೆಗೆದರು. ಬೀದಿ ಖಾಲಿ ಇದ್ದಹಾಗೆ ಕಾಣುತ್ತದೆ. ಎದ್ದು ಕಾಣುವುದು ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತ ಒಬ್ಬ ಮನುಷ್ಯ. ಅವನು ಅಲುಗಾಡಲಿಲ್ಲ, ಹಾಗಾಗಿ ಉಳಿದ.

1844ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಮೊದಲ ಫೋಟೋಗ್ರಾಫರುಗಳಲ್ಲಿ ಒಬ್ಬರಾದ ಟಾಲ್ಬಟ್ ಅವರು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ನೆಲ್ಸನ್ ಕಂಬದ ಕೆಲಸ ಸಾಗಿದ್ದಾಗ ತೆಗೆದ ಚಿತ್ರವನ್ನು ನಿಧಾನವಾಗಿ ನೋಡಿ. ಮೇಲಿನ ಪ್ರತಿಮೆ ಚೌಕಟ್ಟಿನೊಳಗೇ ಇಲ್ಲ. ಇರುವುದು ಕಂಬದ ಬುಡ, ಮರದ ಸಾರುವೆ, ಸುತ್ತ ಕಟ್ಟಿದ ಹಲಗೆ ಬೇಲಿ. ಬೇಲಿಯ ಮೇಲೆ ಅಂಟಿಸಿದ ಪೋಸ್ಟರುಗಳು! ಈಗ ಪ್ರಸಿದ್ಧವಾಗಿರುವ ಸಿಂಹಗಳು ಬಂದದ್ದು 1867ರಲ್ಲಿ. ಅವಿಲ್ಲದ ಚೌಕ ಹೇಗಿತ್ತು ಅಂತ ಈ ಚಿತ್ರ ತೋರಿಸುತ್ತದೆ.

1851ರಲ್ಲಿ ಆರ್ಚರ್ ಅವರ ಕೊಲೋಡಿಯನ್ ವಿಧಾನ (ಗಾಜಿನ ಹಲಗೆಗೆ ಅಂಟು ದ್ರಾವಣ ಲೇಪಿಸಿ ಅದರ ಮೇಲೆ ಚಿತ್ರ ಹಿಡಿಯುವುದು) ಬಂದ ಮೇಲೆ ಕಾಯುವ ಹೊತ್ತು ಸೆಕೆಂಡುಗಳಿಗೆ ಇಳಿಯಿತು. ಆದರೂ ನಡೆಯುವವನು ಮಸುಕು, ನಿಂತವನು ಸ್ಪಷ್ಟ. ನಾನು ಮೊದಲು ನೋಡುವುದು ಕ್ರೇನಿನ ಹಗ್ಗವನ್ನು. ಕಂಬಗಳು ಸ್ಪಷ್ಟವಾಗಿದ್ದು ಹಗ್ಗ ಮಾತ್ರ ಕಲಸಿಹೋಗಿದ್ದರೆ ಅದು ಅಲುಗಾಡುತ್ತಿತ್ತು ಅಂತ ಅರ್ಥ, ಗಾಳಿಗೋ ಭಾರಕ್ಕೋ. ಸಾರುವೆಯ ಮೇಲೆ ಹತ್ತಾರು ಜನ ಸಾಲಾಗಿ, ಸ್ಪಷ್ಟವಾಗಿ ಕಂಡರೆ ಕೆಲಸ ನಿಲ್ಲಿಸಿ ಫೋಟೋಗೆ ನಿಂತಿದ್ದಾರೆ. ಎರಡೂ ದಾಖಲೆಯೇ. ಏನನ್ನು ದಾಖಲಿಸಿದೆ ಅಂತ ತಿಳಿದು ಓದಬೇಕು, ಅಲ್ವಾ?

ಪ್ರಶ್ನೆ: ನಕ್ಷೆಗಳು ಇರುತ್ತಿದ್ದವಲ್ಲ, ಇಷ್ಟು ಕಷ್ಟಪಟ್ಟು ಫೋಟೋ ಯಾಕೆ ತೆಗೆಸುತ್ತಿದ್ದರು?

ಉತ್ತರ: ಕಷ್ಟ ಅಂದಿರಲ್ಲ, ಅದು ನಿಜ. ಕೊಲೋಡಿಯನ್ ಗಾಜು ಒದ್ದೆ ಇರುವಾಗಲೇ ಲೇಪನ, ಚಿತ್ರ, ತೊಳೆಯುವುದು ಎಲ್ಲ ಮುಗಿಯಬೇಕು. ಅದಕ್ಕೆ ಸೈಟಿನಲ್ಲೇ ಕತ್ತಲೆ ಡೇರೆ, ಕೆಮಿಕಲ್ಲು, ನೀರು. ದೂರದಲ್ಲಿರುವ ಮಾಲೀಕರಿಗೆ ಕೆಲಸ ಎಲ್ಲಿಗೆ ಬಂತು ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಕೀವ್‌ನಲ್ಲಿ ನೀಪರ್ ನದಿಗೆ ತೂಗುಸೇತುವೆ ಕಟ್ಟುತ್ತಿದ್ದ ಇಂಜಿನಿಯರ್ ವಿನ್ಯೋಲ್ಸ್ ಫೋಟೋಗಳನ್ನು ತೆಗೆಸಿದರು. 1852ರಲ್ಲಿ ರೋಜರ್ ಫೆಂಟನ್ ಅಲ್ಲಿಗೆ ಹೋಗಿ ಅದನ್ನು ಚಿತ್ರಿಸಿದರು.

ನಾನು ಸಿವಿಲ್ ಇಂಜಿನಿಯರ್. ನನಗೆ ಇನ್ನೊಂದು ಕಾರಣ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಡ್ರಾಯಿಂಗು ಏನು ಕಟ್ಟಬೇಕು ಅಂತ ಹೇಳುತ್ತದೆ. ಯಾವುದು ಮೊದಲು ಎದ್ದಿತು, ಅರ್ಧ ಎದ್ದದ್ದನ್ನು ಬೀಳದಂತೆ ಹಿಡಿದದ್ದು ಯಾವುದು, ಇದನ್ನು ಡ್ರಾಯಿಂಗು ಸಾಮಾನ್ಯವಾಗಿ ಹೇಳುವುದಿಲ್ಲ. ಸಾರುವೆ, ಆಧಾರದ ತೊಲೆ, ತಾತ್ಕಾಲಿಕ ಕ್ರೇನು ಎಲ್ಲ ಕೊನೆಗೆ ಬಿಚ್ಚಿ ಹೋಗುತ್ತವೆ. ಉಳಿಯುವುದು ಫೋಟೋದಲ್ಲಿ ಮಾತ್ರ.

ಲಂಡನ್ನಿನ ದಕ್ಷಿಣಕ್ಕಿರುವ ಸಿಡನ್‌ಹ್ಯಾಮ್‌ನ ಕ್ರಿಸ್ಟಲ್ ಪ್ಯಾಲೇಸನ್ನೇ ನೋಡಿ. ಮೊದಲು ಲಂಡನ್ನಿನ ಹೈಡ್ ಪಾರ್ಕಿನಲ್ಲಿದ್ದ ಗಾಜಿನ ಕಟ್ಟಡವನ್ನು ಬಿಚ್ಚಿ, ಇನ್ನೂ ದೊಡ್ಡದು ಮಾಡಿ ಅಲ್ಲಿ ಕಟ್ಟಿದರು. 1852ರಿಂದ 1854ರವರೆಗೆ ಫಿಲಿಪ್ ಡೆಲಾಮೋಟ್ ಅದರ ಒಂದೊಂದು ಹಂತವನ್ನೂ ಹಿಡಿದರು. ಒಟ್ಟು 160 ಚಿತ್ರಗಳು 1855ರಲ್ಲಿ ಎರಡು ಸಂಪುಟಗಳಾಗಿ ಬಂದವು. ಕಬ್ಬಿಣದ ಕಂಬಗಳ ಸಾಲು ಬರಿದಾಗಿ ನಿಂತಿದೆ. ಆಮೇಲೆ ಚಾವಣಿಯ ಕಮಾನುಗಳು ಒಂದೊಂದಾಗಿ ಏರುತ್ತವೆ, ಗಾಜು ಇನ್ನೂ ಬಂದಿಲ್ಲ, ಆಚೆಯ ಆಕಾಶ ಕಾಣುತ್ತದೆ. ಆಗ ಪ್ರಿಂಟು ಕ್ಯಾಮೆರಾದೊಳಗಿನ ಗಾಜಿನ ನೆಗೆಟಿವ್ ಅಳತೆಗೇ ಬರುತ್ತಿತ್ತು, ಹಿಗ್ಗಿಸುತ್ತಿರಲಿಲ್ಲ. ಅದಕ್ಕೇ ಇಷ್ಟು ವಿವರ. ಭೂತಗನ್ನಡಿ ಹಿಡಿದು ಕೂತರೆ ಬೋಲ್ಟು, ಏಣಿ, ಹಗ್ಗದ ಗಂಟು ಹುಡುಕುತ್ತ ಒಂದು ಸಂಜೆ ಕಳೆದುಹೋಗುತ್ತದೆ. ಕಟ್ಟಡ 1936ರ ಬೆಂಕಿಯಲ್ಲಿ ಸುಟ್ಟುಹೋಯಿತು. ಅದು ಎದ್ದು ನಿಂತ ಬಗೆಯನ್ನು ಇವತ್ತಿಗೂ ಈ ಚಿತ್ರಗಳಿಂದಲೇ ಓದಬಹುದು.

ಸಮಯವಿದ್ದರೆ ಡ್ಯುರಾಂಡೆಲ್ ಐಫೆಲ್ ಗೋಪುರವನ್ನು 1887ರಿಂದ 1889ರವರೆಗೆ ಹಂತಹಂತವಾಗಿ ತೆಗೆದ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕಾಲುಗಳು ಓರೆಯಾಗಿ ಏಳುವಾಗ ಕೆಳಗೆ ನಿಂತ ಮರದ ಆಸರೆಯನ್ನು ಗಮನಿಸಿ.

ಪ್ರಶ್ನೆ: ಫೋಟೋ ನೋಡಿ ಇಟ್ಟಿಗೆಯ ಬಣ್ಣ ಅಂದಾಜು ಮಾಡಬಹುದಾ?

ಉತ್ತರ: ಬೇಡ. ಆ ಕಾಲದ ಫೋಟೋ ಗಾಜಿಗೆ ನೀಲಿ ಬೆಳಕು ಚೆನ್ನಾಗಿ ಹತ್ತುತ್ತಿತ್ತು, ಕೆಂಪು ಹತ್ತುತ್ತಲೇ ಇರಲಿಲ್ಲ ಅನ್ನಬಹುದು. ಅದಕ್ಕೇ ಆಕಾಶ ಸುಮ್ನೆ ಬಿಳಿ, ಕೆಂಪು ಇಟ್ಟಿಗೆ ಕಪ್ಪು. ನೀಲಿ ಬಳಿದ ಕಬ್ಬಿಣ ಮಾಸಲು ಬಿಳುಪಾಗಿ ಕಾಣುತ್ತದೆ. ಬಣ್ಣ ಬೇಕಿದ್ದರೆ ಆ ಕಟ್ಟಡದ ಲೆಕ್ಕದ ಪುಸ್ತಕದಲ್ಲಿ ಯಾವ ಬಣ್ಣ ಕೊಂಡರು, ಯಾವ ಇಟ್ಟಿಗೆ ತರಿಸಿದರು ಅಂತ ಹುಡುಕಿ.