ಸ್ಲೆಡ್ ನಾಯಿಗೆ ಲಗಾಮಿಲ್ಲ

ನಮಸ್ಕಾರ. ನಿಮ್ಮ ‘ಹಿಮರಥ’ ಲೇಖನವನ್ನು ಎರಡು ಸಲ ಓದಿದೆ. 1925ರ ಜನವರಿಯಲ್ಲಿ ಅಲಾಸ್ಕಾದ ನೋಮ್ ಊರಿನ ಮಕ್ಕಳಿಗೆ ಗಂಟಲುಮಾರಿ (ಡಿಫ್ತೀರಿಯಾ) ತಗುಲಿದಾಗ, ಹಿಮದ ಮೇಲೆ ಜಾರುವ, ನಾಯಿಗಳು ಎಳೆಯುವ ಚಕ್ರವಿಲ್ಲದ ಗಾಡಿಗಳಾದ ಸ್ಲೆಡ್‌ಗಳಲ್ಲಿ ಚಾಲಕರು ಒಬ್ಬರಿಂದೊಬ್ಬರಿಗೆ ದಾಟಿಸುತ್ತಾ ಔಷಧ ಸಾಗಿಸಿದ ಕಥೆ. ವಿಷಯ ತುಂಬಾ ಚೆನ್ನಾಗಿದೆ. ಆದರೆ ಲೇಖನವನ್ನು ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ನಿಮ್ಮ ಕೈಯಲ್ಲೇ ಇದನ್ನು ಮತ್ತೆ ಬರೆಸಬೇಕು ಅನ್ನುವ ಆಸೆ ಇದೆ. ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ಮೊದಲ ಪುಟದಲ್ಲೇ ನಿಮ್ಮ ಚಾಲಕ ಸ್ಲೆಡ್ ಮೇಲೆ ಕೂತು, ಲಗಾಮು ಜಗ್ಗಿ, ಚಾಟಿ ಬೀಸುತ್ತಾನೆ. ಅದು ಕುದುರೆ ಗಾಡಿ ಆಯಿತು, ಅಲ್ವಾ? ಸ್ಲೆಡ್ ನಾಯಿಗೆ ಲಗಾಮೇ ಇಲ್ಲ. ಚಾಲಕನ ಕೈಯಲ್ಲಿ ನಾಯಿಯನ್ನು ತಿರುಗಿಸುವ ಒಂದು ಹಗ್ಗವೂ ಇರುವುದಿಲ್ಲ. ಇರುವುದು ಅವನ ದನಿ ಮಾತ್ರ. ‘ಜೀ’ ಅಂದರೆ ಬಲಕ್ಕೆ, ‘ಹಾ’ ಅಂದರೆ ಎಡಕ್ಕೆ. ಅದನ್ನು ಕೇಳಿ ಮೊದಲು ತಿರುಗುವುದು ಎಲ್ಲಕ್ಕಿಂತ ಮುಂದಿರುವ ನಾಯಿ. ಉಳಿದವು ಅದರ ಹಿಂದೆ. ಗಾಳಿಯ ಅಬ್ಬರದಲ್ಲಿ ದನಿ ಕೇಳಿಸದಿದ್ದರೆ, ಹಿಮ ಎದ್ದು ದಾರಿಯೇ ಕಾಣದಿದ್ದರೆ, ಆ ನಾಯಿ ತಾನೇ ದಾರಿ ಹುಡುಕಬೇಕು. ಮನುಷ್ಯ ಸ್ಲೆಡ್‌ನ ಹಿಂಭಾಗದಲ್ಲಿ ನಿಂತು, ಹಿಡಿ ಗಟ್ಟಿಯಾಗಿ ಹಿಡಿದು, ಅದನ್ನು ನಂಬಬೇಕು. ಏರು ಬಂದರೆ ಇಳಿದು ಜೊತೆಗೆ ಓಡಬೇಕು. ಈ ಕಥೆಯ ಜೀವ ಇರುವುದೇ ಆ ನಂಬಿಕೆಯಲ್ಲಿ. ಲಗಾಮು ಹಾಕಿ ನೀವು ಅದನ್ನೇ ತೆಗೆದುಬಿಟ್ಟಿದ್ದೀರಿ.

ಇನ್ನು ಚಳಿ. ನಿಮ್ಮ ಕರಡಿನಲ್ಲಿ ಅದು ‘ಭಯಾನಕ’, ‘ಘನಘೋರ’, ‘ಮಡಿಕೇರಿ ಚಳಿಯ ಸಾವಿರ ಪಟ್ಟು’. ಇಷ್ಟೆಲ್ಲ ಓದಿದರೂ ನನಗೆ ಚಳಿ ಆಗಲಿಲ್ಲ. ಚಳಿ ಎಂಥದ್ದು ಅಂತ ಹೇಳಬೇಡಿ, ಅದು ಏನು ಮಾಡುತ್ತದೆ ಅಂತ ತೋರಿಸಿ. ಉದಾಹರಣೆಗೆ, ಸ್ಲೆಡ್ ‘ಬೆಣ್ಣೆಯ ಮೇಲೆ ಜಾರಿದಂತೆ’ ಹೋಯಿತು ಅಂತ ಬರೆದಿದ್ದೀರಿ. ಸೊನ್ನೆಗಿಂತ 45 ಡಿಗ್ರಿ ಕೆಳಗೆ ಹಾಗಾಗುವುದಿಲ್ಲ. ಅಷ್ಟು ಚಳಿಯಲ್ಲಿ ಸ್ಲೆಡ್‌ನ ಅಡಿಪಟ್ಟಿ ಉಜ್ಜಿದರೂ ಹಿಮ ಕರಗುವುದಿಲ್ಲ, ಮರಳಿನ ಹಾಗೆ ಹಿಡಿದುಕೊಳ್ಳುತ್ತದೆ. ನಾಯಿಗಳು ಮರಳುಗಾಡಿನಲ್ಲಿ ಎಳೆದಷ್ಟೇ ಕಷ್ಟಪಟ್ಟು ಎಳೆಯಬೇಕು. ಬೆಚ್ಚಗಾಗಲಿ ಅಂತ ಚಾಲಕ ಜೋರಾಗಿ ಓಡಿದರೆ ಬೆವರುತ್ತಾನೆ. ನಿಂತ ತಕ್ಷಣ ಬೆವರು ಬಟ್ಟೆಯೊಳಗೇ ಹೆಪ್ಪುಗಟ್ಟುತ್ತದೆ. ಬೆಚ್ಚಗಾಗುವುದೂ ಅಪಾಯ, ಆಗದಿರುವುದೂ ಅಪಾಯ. ಅವನು ಎಷ್ಟು ಓಡಬೇಕು ಅಂತ ಅಳೆದು ಓಡುವ ಆ ಲೆಕ್ಕಾಚಾರವನ್ನು ಬರೆಯಿರಿ. ಓದುಗರಿಗೆ ನಡುಕ ತಾನಾಗಿ ಬರುತ್ತದೆ.

ನಿಮ್ಮಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುವ ಜನರ ಹತ್ತಿರ ಇಂಥ ವಿವರ ಬೇಕಾದಷ್ಟಿದೆ. ಔಷಧ ತಂದ ರೈಲು ಬಂದು ನಿಂತ ನೆನಾನಾ ಊರಿನಿಂದ ಮೊದಲು ಹೊರಟ ಚಾಲಕ ಬಿಲ್ ಶ್ಯಾನನ್ ದಾರಿಯಲ್ಲಿನ ಮಿಂಟೋ ತಲುಪಿದಾಗ ಅವರ ಮುಖದ ಚರ್ಮ ಅಲ್ಲಲ್ಲಿ ಕಪ್ಪಾಗಿತ್ತು. ಎಡ್ಗರ್ ಕ್ಯಾಲಂಡ್ ಅವರ ಕೈ ಸ್ಲೆಡ್‌ನ ಹಿಡಿಗೆ ಅಂಟಿಕೊಂಡಿತ್ತು, ಬಿಸಿನೀರು ಸುರಿದು ಬಿಡಿಸಿದರು ಅಂತ ಒಂದು ವರದಿಯಿದೆ. ಚಾರ್ಲಿ ಇವಾನ್ಸ್ ಅವರ ಮುಂದಿನ ಎರಡು ನಾಯಿಗಳಿಗೆ ಕೂದಲು ಗಿಡ್ಡ. ಅವುಗಳ ತೊಡೆಸಂದಿಗೆ ಮೊಲದ ಚರ್ಮ ಕಟ್ಟಬೇಕಿತ್ತು, ಮರೆತರು. ಎರಡೂ ದಾರಿಯಲ್ಲೇ ಕುಸಿದವು. ಇವಾನ್ಸ್ ತಾವೇ ಅವುಗಳ ಜಾಗಕ್ಕೆ ಹೋಗಿ ಸ್ಲೆಡ್ ಎಳೆದರಂತೆ. ಒಂದು ತುಂಡು ಚರ್ಮ ಮರೆತದ್ದಕ್ಕೆ ಇಷ್ಟು! ನಾನು ನಿಮ್ಮ ಜಾಗದಲ್ಲಿದ್ದರೆ ಇಲ್ಲಿಂದಲೇ ಶುರು ಮಾಡುತ್ತಿದ್ದೆ.

ನೀವು ಮೂರು ಪುಟವನ್ನು ಬಾಲ್ಟೋ ಎಂಬ ನಾಯಿಗೆ ಕೊಟ್ಟಿದ್ದೀರಿ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಅದರ ಪ್ರತಿಮೆ ಇದೆ, ಹಾಗಾಗಿ ಎಲ್ಲರಿಗೂ ಆ ಹೆಸರೇ ಮೊದಲು ಸಿಗುತ್ತದೆ. ಬಾಲ್ಟೋ, ಅದರ ಚಾಲಕ ಗುನ್ನಾರ್ ಕಾಸನ್ ಇಬ್ಬರೂ ದೊಡ್ಡ ಕೆಲಸ ಮಾಡಿದವರೇ. ಗಾಳಿಗೆ ಸ್ಲೆಡ್ ಮಗುಚಿ ಔಷಧ ಹಿಮದಲ್ಲಿ ಬಿದ್ದಾಗ ಕಾಸನ್ ಬರಿಗೈಯಲ್ಲಿ ತಡಕಿ ಹುಡುಕಿದರು. ಫೆಬ್ರವರಿ 2ರ ಬೆಳಗಿನ ಜಾವ ನೋಮ್ ಮುಟ್ಟಿದರು. ಆದರೆ ಅವರದು ಸುಮಾರು 85 ಕಿ.ಮೀ. ದಾರಿ. ಅದಕ್ಕೆ ಮೊದಲು ಚಾಲಕ ಲಿಯೊನಾರ್ಡ್ ಸೆಪ್ಪಾಲಾ ಮತ್ತು ಅವರ 12 ವರ್ಷದ ನಾಯಿ ಟೋಗೋ ಔಷಧ ಹೊತ್ತು ಸುಮಾರು 146 ಕಿ.ಮೀ. ಓಡಿದ್ದರು, ಅದೂ ನಾರ್ಟನ್ ಕೊಲ್ಲಿಯ ಹೆಪ್ಪುಗಟ್ಟಿದ ಸಮುದ್ರ ದಾಟಿ. ಟೋಗೋ ಹೆಸರು ನಿಮ್ಮ ಲೇಖನದಲ್ಲಿ ಒಂದು ಸಲವೂ ಬಂದಿಲ್ಲ. ಒಟ್ಟು 1,085 ಕಿ.ಮೀ., 20 ಚಾಲಕರು, 150ರಷ್ಟು ನಾಯಿಗಳು, ಐದೂವರೆ ದಿನ. ಅಂಚೆಗೆ ಅದೇ ದಾರಿಯಲ್ಲಿ ಮೂರು ವಾರಕ್ಕಿಂತ ಜಾಸ್ತಿ ಹಿಡಿಯುತ್ತಿತ್ತು. ಚಾಲಕರಲ್ಲಿ ಹಲವರು ಅಲ್ಲಿನ ಮೂಲನಿವಾಸಿಗಳು. ಅವರನ್ನೆಲ್ಲ ‘ಎಸ್ಕಿಮೋಗಳು’ ಅಂತ ಒಟ್ಟಿಗೆ ಸೇರಿಸಬೇಡಿ. ಒಳನಾಡಿನ ನದಿಗಳ ಉದ್ದಕ್ಕೂ ಇರುವವರು ಅಥಬಾಸ್ಕನ್ ಜನ, ಅವರೇ ಬೇರೆ. ಮತ್ತೆ ‘ಆರು ತಿಂಗಳ ಕತ್ತಲು’ ಅನ್ನುವ ಸಾಲನ್ನೂ ತೆಗೆಯಿರಿ. ಜನವರಿ ಕೊನೆಗೆ ನೋಮ್‌ನಲ್ಲಿ ಆರೂವರೆ ಗಂಟೆಯಷ್ಟು ಹಗಲಿರುತ್ತದೆ.

ಭಾಷೆಯ ಬಗ್ಗೆ ಒಂದೇ ಮಾತು. ‘ಶ್ವಾನ’, ‘ಸಾರಥಿ’, ‘ಹಿಮರಥ’ ಬೇಡ. ನಾಯಿ, ಚಾಲಕ, ಸ್ಲೆಡ್ ಸಾಕು. ಆ ಸ್ಲೆಡ್‌ಗಳ ಕೀಲುಗಳಿಗೆ ಮೊಳೆ ಹೊಡೆಯುತ್ತಿರಲಿಲ್ಲ, ತೊಗಲಿನ ಪಟ್ಟಿಯಿಂದ ಬಿಗಿಯುತ್ತಿದ್ದರು. ಉಬ್ಬುತಗ್ಗಿನಲ್ಲಿ ಬಳುಕಬೇಕು, ಮುರಿಯಬಾರದು ಅಂತ. ರಥ ಅಂದಾಗ ಈ ಬಳುಕುವ ಮರದ ಚೌಕಟ್ಟು ಕಣ್ಣಿಗೆ ಬರುವುದೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಿಮ್ಮ ಮೇಲೆ ನನಗೆ ಭರವಸೆ ಇದೆ, ಸುಮ್ನೆ ಹೇಳುತ್ತಿಲ್ಲ. ಐದನೇ ಪುಟದಲ್ಲಿ ಚಾಲಕ ದಾರಿಬದಿಯ ತಂಗುಮನೆಗೆ ಬರುತ್ತಾನೆ. ಮೊದಲು ಔಷಧದ ಕಟ್ಟನ್ನು ಬಿಸಿ ತಾಗುವಂತೆ ಒಲೆ ಹತ್ತಿರ ಇಡುತ್ತಾನೆ. ಆಮೇಲೆ ಹೊರಗೆ ಹೋಗಿ ನಾಯಿಗಳ ಬೆರಳ ಸಂದಿಯಲ್ಲಿ ಕಟ್ಟಿದ ಮಂಜುಗಡ್ಡೆ ಬಿಡಿಸುತ್ತಾನೆ. ಕೊನೆಗೆ ತನ್ನ ಕೈಗವಸು ತೆಗೆಯುತ್ತಾನೆ. ನಾಲ್ಕೇ ಸಾಲು. ಅಲ್ಲಿ ಒಂದೂ ವಿಶೇಷಣ ಇಲ್ಲ.

ಒಂದು ತಿಂಗಳು ತೆಗೆದುಕೊಳ್ಳಿ, ಪೂರ್ತಿ ಹೊಸದಾಗಿ ಬರೆದು ಕಳಿಸಿ. ಆ ನಾಲ್ಕು ಸಾಲು ಮಾತ್ರ ಇದ್ದ ಹಾಗೇ ಇರಲಿ.