‘ಪಿನಾಫೋರ್’ ಮುಕ್ತಾಯದಲ್ಲಿ ವಯಸ್ಸಿನ ಲೆಕ್ಕ ತಪ್ಪಿರುವುದು ಎಡವಟ್ಟೇ?

ಗಿಲ್ಬರ್ಟ್ (ಸಾಹಿತ್ಯ) ಮತ್ತು ಸಲ್ಲಿವನ್ (ಸಂಗೀತ) ಅವರ ‘ಎಚ್.ಎಂ.ಎಸ್. ಪಿನಾಫೋರ್’ ಎಂಬ ಹಾಸ್ಯ ಸಂಗೀತ ನಾಟಕದ ಕೊನೆಯಲ್ಲಿ ಕ್ಯಾಪ್ಟನ್ ಕಾರ್ಕೊರನ್ ಮತ್ತು ನಾವಿಕ ರಾಲ್ಫ್ ಹಸುಗೂಸುಗಳಾಗಿದ್ದಾಗ ಅದಲುಬದಲಾದವರೆಂದು ತಿಳಿಯುತ್ತದೆ; ಹಾಗಾದರೆ ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರಾಗಬೇಕಲ್ಲವೇ, ಇದು ಬರೆದವನ ಎಡವಟ್ಟೇ ಎಂದು ಕೇಳಿದ್ದೀರಿ. ನಿಮ್ಮ ಲೆಕ್ಕ ಸರಿಯಾಗಿದೆ. ಆ ಲೆಕ್ಕದಂತೆ ಕ್ಯಾಪ್ಟನ್ನನ ಮಗಳು ಜೋಸೆಫೀನ್ ತನ್ನ ತಂದೆಯ ಓರಗೆಯವನಾದ ರಾಲ್ಫನನ್ನು ಮದುವೆಯಾಗುತ್ತಾಳೆ, ತಂದೆಯೋ ತನ್ನನ್ನು ಸಾಕಿದ ದಾದಿ ಬಟರ್‌ಕಪ್‌ಳ ಕೈಹಿಡಿಯುತ್ತಾನೆ. ಆದರೆ ಇದನ್ನು ಎಡವಟ್ಟೆಂದು ನಾನು ಒಪ್ಪುವುದಿಲ್ಲ.

ತೊಟ್ಟಿಲಲ್ಲೇ ಮಕ್ಕಳು ಬದಲಾಗುವ ಕಥೆ ನಮ್ಮ ಸಿನಿಮಾ ನೋಡುಗರಿಗೂ ಹೊಸದಲ್ಲ. ಅಲ್ಲಿ ಗುಟ್ಟು ಬಯಲಾಗುವ ಮುನ್ನ ಒಂದು ಮಚ್ಚೆಯೋ ತಾಯಿತವೋ ಸಾಕ್ಷಿ ನುಡಿಯುತ್ತದೆ. ಇಲ್ಲಿ ಬಟರ್‌ಕಪ್ ಒಂದು ಹಾಡು ಹಾಡಿದರೆ ಸಾಕು, ಯಾರೂ ಪುರಾವೆ ಕೇಳುವುದಿಲ್ಲ, ಮರುಗಳಿಗೆಯಲ್ಲಿ ರಾಲ್ಫ್ ಕ್ಯಾಪ್ಟನ್ನನ ಸಮವಸ್ತ್ರದಲ್ಲಿಯೂ ಕಾರ್ಕೊರನ್ ನಾವಿಕನ ಉಡುಪಿನಲ್ಲಿಯೂ ಬಂದು ನಿಲ್ಲುತ್ತಾರೆ. ಹಡಗು ನಡೆಸುವ ವಿದ್ಯೆಯೇ ಹುಟ್ಟಿನೊಂದಿಗೆ ಬರುತ್ತದೆಂದು ನಂಬಿದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಗಿಲ್ಬರ್ಟ್ ಲೇವಡಿ ಮಾಡುತ್ತಿರುವುದು ಆ ನಂಬಿಕೆಯನ್ನೇ, ವಯಸ್ಸಿನ ಅಸಂಬದ್ಧತೆ ಅದರದೇ ಒಂದು ಭಾಗ.

ಮುಕ್ತಾಯದ ನಿಜವಾದ ಮೊನಚು ನನಗೆ ಕಾಣುವುದು ಜೋಸೆಫೀನಳನ್ನು ವರಿಸಲು ಬಂದಿದ್ದ ನೌಕಾಖಾತೆಯ ಮುಖ್ಯಸ್ಥ ಸರ್ ಜೋಸೆಫ್ ಪೋರ್ಟರನ ಮಾತಿನಲ್ಲಿ. ಪ್ರೀತಿ ಎಲ್ಲ ಅಂತಸ್ತುಗಳನ್ನೂ ಸಮ ಮಾಡುತ್ತದೆಂದು ಜೋಸೆಫೀನ್‌ಳಿಗೆ ಉಪದೇಶಿಸಿದವನು ಅವನೇ. ಅವಳೀಗ ಬರೀ ನಾವಿಕನ ಮಗಳೆಂದು ತಿಳಿದೊಡನೆ, ಸಮ ಮಾಡುವುದೇನೋ ನಿಜ, ಆದರೆ ಅಷ್ಟರಮಟ್ಟಿಗೆ ಅಲ್ಲ ಎಂಬರ್ಥದ ಮಾತಾಡಿ ಅವಳನ್ನು ಬಿಟ್ಟುಕೊಡುತ್ತಾನೆ. ವಕೀಲರ ಕಚೇರಿಯಲ್ಲಿ ಬಾಗಿಲ ಹಿಡಿಕೆ ಉಜ್ಜುತ್ತ ಮೇಲೇರಿದ, ಸಮುದ್ರಕ್ಕೇ ಹೋಗದ ಈ ಪಾತ್ರದಲ್ಲಿ ಜನ ಪುಸ್ತಕ ವ್ಯಾಪಾರಿ ಡಬ್ಲ್ಯು.ಎಚ್. ಸ್ಮಿತ್‌ನನ್ನು ಗುರುತಿಸಿದರು. ನೌಕಾಪಡೆಯ ಅನುಭವವೇ ಇಲ್ಲದ ಅವನನ್ನು ಬ್ರಿಟನ್ನಿನ ಪ್ರಧಾನಿ ಡಿಸ್ರೇಲಿ 1877ರಲ್ಲಿ ಅದೇ ಹುದ್ದೆಗೆ ನೇಮಿಸಿದ್ದ. 1878ರ ಮೇ 25ರಂದು ನಾಟಕ ಲಂಡನ್ನಿನ ಒಪೇರಾ ಕಾಮಿಕ್‌ನಲ್ಲಿ ರಂಗಕ್ಕೆ ಬಂದ ಮೇಲೆ ಅವನಿಗೆ ‘ಪಿನಾಫೋರ್ ಸ್ಮಿತ್’ ಎಂಬ ಅಡ್ಡಹೆಸರೇ ಅಂಟಿಕೊಂಡಿತು.

ಇನ್ನೊಂದನ್ನು ಗಮನಿಸಿ: ಓಡಿಹೋಗಲು ಹೊರಟು ಸಿಕ್ಕಿಬಿದ್ದಾಗ, ಕ್ಯಾಪ್ಟನ್ನನ ಮಗಳನ್ನು ಪ್ರೀತಿಸಿದ ತಪ್ಪಿಗೆ ರಾಲ್ಫ್‌ನನ್ನು ಸೆರೆಗೆ ತಳ್ಳಲಾಗಿತ್ತು. ಅವನು ನಾವಿಕನಾಗಿಯೇ ಉಳಿದು ಅವಳನ್ನು ಮದುವೆಯಾಗುವ ಅವಕಾಶವನ್ನು ಗಿಲ್ಬರ್ಟ್ ಕೊಡುವುದೇ ಇಲ್ಲ; ಅವನು ಮೇಲಿನವನೆಂದು ಸಾಬೀತಾದ ಬಳಿಕವೇ ಮಂಗಳವಾದ್ಯ.