ಡಿಸ್ಕ್ ಆಪರೇಷನ್ ಬೇಕೇ, ಬೇಡವೇ? ಬರೀ ಫಿಲ್ಮ್ ನೋಡಿ ಹೇಳಲಾರೆ

ಈ ಬಾರಿ ಈ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ. ಎಂಆರ್‌ಐ ವರದಿಯ ಮೊಬೈಲ್ ಫೋಟೊ, ಅದರ ಕೆಳಗೆ ಒಂದು ಸಾಲು: ‘ಡಾಕ್ಟರೇ, ಆಪರೇಷನ್ ಬೇಕಾಗುತ್ತದೆಯೇ?’ ಯಾವ ಕಾಲು ನೋಯುತ್ತಿದೆ, ಎಷ್ಟು ದಿನದಿಂದ, ಹಿಮ್ಮಡಿಯ ಮೇಲೆ ನಡೆಯಲು ಬರುತ್ತದೆಯೇ, ಮೂತ್ರ ಸರಾಗವಾಗಿ ಹೋಗುತ್ತಿದೆಯೇ ಎಂಬ ಬಗ್ಗೆ ಒಂದು ಮಾತೂ ಇಲ್ಲ. ವಯಸ್ಸನ್ನು ಕೂಡ ಫಿಲ್ಮಿನ ಮೂಲೆಯಿಂದ ನಾನೇ ಓದಿಕೊಳ್ಳಬೇಕು. ಪಹಣಿ ನೋಡಿ ಈ ವರ್ಷದ ಬೆಳೆ ಹೇಗೆ ಬಂದಿದೆ ಎಂದು ಹೇಳಲು ಬರುವುದಿಲ್ಲ, ಇದೂ ಹಾಗೆಯೇ. ಬಿಡಿಸಿ ಬರೆದವರು ಒಬ್ಬರೇ. ಜಾಗದ ಬಹುಪಾಲು ಅವರಿಗೆ.

ಪ್ರಶ್ನೆ: ನನಗೆ 43 ವರ್ಷ. ಆಲೂರು ತಾಲ್ಲೂಕಿನಲ್ಲಿ ನಾಲ್ಕು ಎಕರೆ ಕಾಫಿ, ಸ್ವಲ್ಪ ಶುಂಠಿ ಇದೆ. ಏಳು ವಾರದ ಹಿಂದೆ ಗೊಬ್ಬರದ ಮೂಟೆ ಎತ್ತುವಾಗ ಸೊಂಟ ಹಿಡಿಯಿತು. ಎರಡು ದಿನ ಕಳೆದ ಮೇಲೆ ಎಡಗಾಲಿನಲ್ಲಿ ಪೃಷ್ಠದಿಂದ ಕಿರುಬೆರಳಿನವರೆಗೆ ಸೆಳೆತ ಶುರುವಾಯಿತು. ಮೊದಲ ಮೂರು ವಾರ ಕೂರಲೂ ಆಗುತ್ತಿರಲಿಲ್ಲ. ಈಗ ಅರ್ಧ ಗಂಟೆ ಕೂರಬಲ್ಲೆ. ನೋವು ಮೀನಖಂಡದವರೆಗೆ ಮಾತ್ರ ಬರುತ್ತದೆ, ಕೆಮ್ಮಿದರೆ ಜಗ್ಗುತ್ತದೆ. ಎಲ್‌5–ಎಸ್‌1 ಡಿಸ್ಕ್ (ಬೆನ್ನುಮೂಳೆಯ ತಳದಲ್ಲಿ ಎರಡು ಮೂಳೆಗಳ ನಡುವಿನ ಮೆತ್ತೆ) ದೊಡ್ಡದಾಗಿ ಹೊರಬಂದು ನರವನ್ನು ಒತ್ತಿದೆ ಎಂದು ವರದಿಯಲ್ಲಿದೆ. ಒಬ್ಬ ವೈದ್ಯರು, ಈ ವಾರವೇ ಸ್ಕ್ರೂ ಹಾಕಿ ಆಪರೇಷನ್ ಮಾಡದಿದ್ದರೆ ಕಾಲಿನ ಸ್ವಾಧೀನ ತಪ್ಪುತ್ತದೆ ಎಂದರು. ಇನ್ನೊಬ್ಬರು ಮಾತ್ರೆ ಕೊಟ್ಟು, ಕಾಯಿರಿ ಎಂದರು. ಬೆನ್ನು ಕೊಯ್ಯಿಸಿಕೊಂಡವರು ಮತ್ತೆ ಎದ್ದು ನಡೆಯುವುದಿಲ್ಲ ಎಂದು ಮನೆಯಲ್ಲಿ ಎಲ್ಲರೂ ಹೆದರಿಸುತ್ತಾರೆ. ಕಾಫಿ ಕೊಯ್ಲಿಗೆ ಮುಂಚೆ ಮಾಡಿಸಿ ಮುಗಿಸಲೇ?

ಉತ್ತರ: ‘ಈಗ ಅರ್ಧ ಗಂಟೆ ಕೂರಬಲ್ಲೆ’ ಎಂದಿದ್ದೀರಲ್ಲ, ನನಗೆ ಆ ಮಾತು ನಿಮ್ಮ ಇಡೀ ವರದಿಗಿಂತ ಮುಖ್ಯ. ಕಿರುಬೆರಳಿನವರೆಗೆ ಇಳಿಯುತ್ತಿದ್ದ ಸೆಳೆತ ಮೀನಖಂಡಕ್ಕೆ ನಿಂತಿದೆ. ನೋವು ಹೀಗೆ ಪಾದದಿಂದ ಸೊಂಟದ ಕಡೆಗೆ ಹಿಂದೆ ಸರಿಯುವುದು ಒಳ್ಳೆಯ ಲಕ್ಷಣ. ಇಂತಹ ಕಾಲಿಗೆ ‘ಈ ವಾರವೇ’ ಎಂದು ಗಡುವು ಹಾಕಬೇಕಾದರೆ ಕಾಲಿನ ಶಕ್ತಿ ಕುಂದುತ್ತಿರಬೇಕು. ಅದರ ಬಗ್ಗೆ ನೀವು ಬರೆದಿಲ್ಲ. ಇವತ್ತೇ ನೋಡಿಕೊಳ್ಳಿ.

ಗೋಡೆಗೆ ಒಂದು ಬೆರಳು ತಾಗಿಸಿ, ಎಡಗಾಲೊಂದರ ಮೇಲೆಯೇ ನಿಂತು ತುದಿಗಾಲಿಗೆ ಹತ್ತು ಸಲ ಏಳಿ. ಆಮೇಲೆ ಬಲಗಾಲಿನಲ್ಲಿ ಹಾಗೆಯೇ ಮಾಡಿ. ಬಲಗಾಲು ಹತ್ತೂ ಸಲ ಎದ್ದು, ಎಡಗಾಲಿನ ಹಿಮ್ಮಡಿ ಮೂರನೆಯ ಸಲಕ್ಕೇ ನೆಲ ಬಿಡದಿದ್ದರೆ ಎಸ್‌1 ನರ ಸೋತಿದೆ. ಬಳಿಕ ಜಗಲಿಯ ಉದ್ದಕ್ಕೂ ಎರಡೂ ಹಿಮ್ಮಡಿಗಳ ಮೇಲೆ ನಡೆಯಿರಿ. ಒಂದು ಕಡೆಯ ಮುಂಗಾಲು ಕೆಳಗೆ ಬೀಳಬಾರದು. ಕೊನೆಗೆ ಕೂತು ಎರಡೂ ಹೆಬ್ಬೆರಳುಗಳನ್ನು ಮೇಲಕ್ಕೆತ್ತಿ ಹಿಡಿಯಿರಿ, ಮನೆಯವರು ಒಂದೊಂದೇ ಬೆರಳಿನಿಂದ ಅವನ್ನು ಕೆಳಗೆ ಒತ್ತಲಿ. ಒಂದು ಹೆಬ್ಬೆರಳು ಸುಲಭವಾಗಿ ಬಗ್ಗಿದರೆ ಅದು ಎಲ್‌5 ನರದ ಮಾತು. ಕೇಳದೆ ಯಾರೂ ಹೇಳದ ಇನ್ನೊಂದು ಗುರುತು ಚಪ್ಪಲಿಯದು. ನಡೆಯುತ್ತಿದ್ದಂತೆ ಒಂದೇ ಕಾಲಿನ ಹವಾಯಿ ಚಪ್ಪಲಿ ಜಾರಿ ಹಿಂದೆ ಉಳಿಯುತ್ತದೆ, ಉಳಿದದ್ದು ಗೊತ್ತೂ ಆಗುವುದಿಲ್ಲ. ಅಥವಾ ಒಂದರ ತುದಿ ಮಾತ್ರ ನೆಲಕ್ಕೆ ಉಜ್ಜಿ ಸವೆದಿರುತ್ತದೆ. ನನ್ನ ಕೋಣೆಗೆ ಬರುವವರ ಫಿಲ್ಮಿಗಿಂತ ಮೊದಲು ನಾನು ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡುತ್ತೇನೆ.

ಈ ಪರೀಕ್ಷೆಯಲ್ಲಿ ಎಡಗಾಲು ಸೋತರೆ ಮುಂದಿನ ಮಾತು ನಿಮಗಲ್ಲ. ಎರಡು ದಿನದೊಳಗೆ ಬೆನ್ನುಹುರಿಯ ಶಸ್ತ್ರಚಿಕಿತ್ಸಕರ ಎದುರು ಕೂತಿರಬೇಕು. ಸೋಲು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ ಆಪರೇಷನ್ ಬೇಕು ಎಂದು ನಾನೂ ಹೇಳುತ್ತೇನೆ. ಎರಡೂ ಕಾಲು ಸಮವಾಗಿದ್ದರೆ ನಿಮಗೆ ಸಮಯವಿದೆ, ಅದನ್ನು ಹೆದರಿಕೆಯಲ್ಲಿ ಕಳೆಯಬೇಡಿ.

‘ದೊಡ್ಡದಾಗಿ ಹೊರಬಂದಿದೆ’ ಎಂಬ ಮಾತಿಗೆ ಕುಟುಂಬವೇ ನಿದ್ದೆಗೆಡುತ್ತದೆ. ಕವಚ ಹರಿದುಕೊಂಡು ಪೂರ್ತಿ ಹೊರಬಿದ್ದ ದೊಡ್ಡ ತುಣುಕೇ, ಬರೀ ಉಬ್ಬಿದ ಡಿಸ್ಕಿಗಿಂತ ಹೆಚ್ಚಾಗಿ, ತಾನಾಗಿ ಕರಗುತ್ತದೆ. ಹೊರಬಿದ್ದದ್ದನ್ನು ದೇಹ ಪರಕೀಯ ವಸ್ತುವೆಂದು ಭಾವಿಸುತ್ತದೆ, ಅದರ ಸುತ್ತ ಹೊಸ ರಕ್ತನಾಳಗಳು ಬೆಳೆಯುತ್ತವೆ, ರೋಗನಿರೋಧಕ ಕೋಶಗಳು ಬಂದು ಅದನ್ನು ತಿಂಗಳುಗಟ್ಟಲೆ ತಿಂದು ಮುಗಿಸುತ್ತವೆ. ಹಾಗೆಂದು ಎಲ್ಲರಿಗೂ ಕರಗುತ್ತದೆ ಎಂದು ಯಾರೂ ಬರೆದುಕೊಡಲಾರರು. ಆದರೆ ಗಾತ್ರವೊಂದನ್ನೇ ತೋರಿಸಿ ಆಪರೇಷನ್ ಟೇಬಲ್ಲಿಗೆ ಕರೆಯುವವರು ನಿಮಗೆ ಅರ್ಧ ಸತ್ಯ ಹೇಳುತ್ತಿದ್ದಾರೆ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಮಂದಿಗೆ ಎಂಆರ್‌ಐ ಮಾಡಿದಾಗ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು. ಹಾಸನದ ಬಸ್ ನಿಲ್ದಾಣದಲ್ಲಿ ನಿಂತ ನಡುವಯಸ್ಸಿನವರನ್ನೆಲ್ಲ ಸ್ಕ್ಯಾನ್ ಮಾಡಿದರೆ ಅಲ್ಲಿಯೂ ಇಂತಹ ಬೆನ್ನುಗಳು ಧಾರಾಳವಾಗಿ ಸಿಗುತ್ತವೆ. ಫಿಲ್ಮಿನಲ್ಲಿ ಕಂಡ ಮಟ್ಟ, ನೋವಿನ ದಾರಿ, ಪರೀಕ್ಷೆಯಲ್ಲಿ ಸಿಕ್ಕ ನರ, ಈ ಮೂರೂ ಒಂದಕ್ಕೊಂದು ಹೊಂದಬೇಕು. ಹೊಂದದ ಬೆನ್ನಿಗೆ ಚಾಕು ಹಾಕಿದರೆ ನೋವು ಹೋಗುವುದಿಲ್ಲ.

ಈಗ ನಿರ್ಧಾರದ ವಿಚಾರ. 2007ರಲ್ಲಿ ನೆದರ್ಲೆಂಡ್ಸಿನಲ್ಲಿ ನಿಮ್ಮ ಹಾಗೆಯೇ ಆರರಿಂದ ಹನ್ನೆರಡು ವಾರ ತೀವ್ರವಾಗಿ ಕಾಲು ಸೆಳೆಯುತ್ತಿದ್ದ 283 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಬೇಗ ಆಪರೇಷನ್, ಇನ್ನೊಂದಕ್ಕೆ ಕಾಯುವ ಚಿಕಿತ್ಸೆ. ಬೇಗ ಮಾಡಿಸಿದವರಿಗೆ ಸುಮಾರು ನಾಲ್ಕು ವಾರಕ್ಕೆ ಕಾಲುನೋವು ಇಳಿಯಿತು, ಕಾದವರಿಗೆ ಸುಮಾರು ಹನ್ನೆರಡು ವಾರ ಹಿಡಿಯಿತು. ವರ್ಷದ ಕೊನೆಗೆ ಎರಡೂ ಕಡೆ ನೂರಕ್ಕೆ 95 ಮಂದಿ ಚೇತರಿಸಿಕೊಂಡಿದ್ದರು. ಕಾದವರಲ್ಲಿ ನೂರಕ್ಕೆ 39 ಮಂದಿ ನೋವು ತಡೆಯಲಾರದೆ ನಡುವೆ ಆಪರೇಷನ್ ಮಾಡಿಸಿಕೊಂಡರು ಎಂಬುದನ್ನೂ ಸೇರಿಸಿಯೇ ಹೇಳಬೇಕು. ಅಂದರೆ ಶಕ್ತಿ ಚೆನ್ನಾಗಿರುವವರಿಗೆ ಆಪರೇಷನ್ ಕೊಡುವುದು ಮುಖ್ಯವಾಗಿ ಕೆಲವು ತಿಂಗಳ ನೆಮ್ಮದಿ. ಆ ತಿಂಗಳುಗಳ ಬೆಲೆ ಎಲ್ಲರಿಗೂ ಒಂದೇ ಅಲ್ಲ. ದಿನಗೂಲಿಯಲ್ಲಿ ಮನೆ ನಡೆಸುವ, ರಾತ್ರಿಯಿಡೀ ಗೋಡೆಗೆ ಒರಗಿ ಕೂರುವ ಮನುಷ್ಯ ಎಂಟನೆಯ ವಾರದಲ್ಲಿ ‘ಸಾಕು, ಮಾಡಿಬಿಡಿ’ ಎಂದರೆ ನಾನು ಮಾಡುತ್ತೇನೆ. ವಾರದಿಂದ ವಾರಕ್ಕೆ ಸುಧಾರಿಸುತ್ತಿರುವ ನಿಮ್ಮಂಥವರನ್ನು ಹನ್ನೆರಡು ವಾರದವರೆಗಾದರೂ ಕಾಯಿರಿ ಎನ್ನುತ್ತೇನೆ. ನಾನು ಸ್ವಭಾವತಃ ಚಾಕು ಎತ್ತಲು ತಡಮಾಡುವವನು. ಇದರಲ್ಲಿ ನನ್ನ ಒಲವು ಇದೆ ಎಂಬುದನ್ನು ತಿಳಿದೇ ಓದಿಕೊಳ್ಳಿ.

ಕಾಯುವುದಕ್ಕೂ ಒಂದು ಮಿತಿ ಇದೆ. ನಾಲ್ಕು ತಿಂಗಳು ದಾಟಿಯೂ ಕಾಲು ಅದೇ ರೀತಿ ಸೆಳೆಯುತ್ತಿದ್ದವರಲ್ಲಿ ಆಪರೇಷನ್ ಸ್ಪಷ್ಟವಾಗಿ ಹೆಚ್ಚು ಪರಿಹಾರ ಕೊಟ್ಟಿದೆ ಎಂದು 2020ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನ ತೋರಿಸಿದೆ. ಎರಡು ವರ್ಷ ಎಣ್ಣೆ ಹಚ್ಚಿಸಿಕೊಂಡು, ಮೂರು ಊರು ಸುತ್ತಿ, ಕಾಲು ಸಣ್ಣಗಾದ ಮೇಲೆ ‘ಈಗ ಆಪರೇಷನ್ ಮಾಡಿ’ ಎಂದು ಬರುವವರನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. ಅಷ್ಟು ಕಾಲ ಹಿಂಡಿಸಿಕೊಂಡ ನರ ಪೂರ್ತಿ ಮರಳುತ್ತದೆಂಬ ಭರವಸೆ ಇರುವುದಿಲ್ಲ.

ಮನೆಯವರ ಭಯಕ್ಕೆ ಬರುತ್ತೇನೆ. ಡಿಸ್ಕ್ ತೆಗೆಯುವ ಆಪರೇಷನ್ ಇರುವುದು ಕಾಲಿನ ಸೆಳೆತಕ್ಕೆ. ಕಾಲಿಗೆ ಇಳಿಯದ ಬರೀ ಸೊಂಟನೋವಿಗೆ ಅದನ್ನು ಮಾಡಿದರೆ ಬಹುಪಾಲು ನಿರಾಶೆಯೇ. ‘ಆಪರೇಷನ್ ಮಾಡಿಸಿ ಹಾಳಾದರು’ ಎಂದು ಊರಲ್ಲಿ ಹೇಳುವ ಕಥೆಗಳನ್ನು ಕೆದಕಿದರೆ ಅನೇಕ ಸಲ ಇದೇ ಸಿಗುತ್ತದೆ: ಮಾಡಬಾರದ ಬೆನ್ನಿಗೆ ಮಾಡಿದ್ದು, ಇಲ್ಲವೇ ತೀರಾ ತಡವಾಗಿ ಮಾಡಿದ್ದು. ಸರಿಯಾದ ಕಾರಣಕ್ಕೆ ಮಾಡಿದ ಮೈಕ್ರೊಡಿಸ್ಕೆಕ್ಟಮಿಯಲ್ಲಿ (ಸಣ್ಣ ಗಾಯದ ಮೂಲಕ ಡಿಸ್ಕಿನ ತುಣುಕು ತೆಗೆಯುವ ಆಪರೇಷನ್) ಸಾಮಾನ್ಯವಾಗಿ ಅದೇ ದಿನ ಅಥವಾ ಮರುದಿನ ರೋಗಿ ಎದ್ದು ನಡೆಯುತ್ತಾನೆ. ಅಪಾಯಗಳೇ ಇಲ್ಲವೆಂದಲ್ಲ. ಸೋಂಕು ಆಗಬಹುದು, ನರದ ಪೊರೆ ಹರಿಯಬಹುದು, ನೂರರಲ್ಲಿ ಐದರಿಂದ ಹದಿನೈದು ಮಂದಿಗೆ ಅದೇ ಜಾಗದಲ್ಲಿ ಡಿಸ್ಕ್ ಮತ್ತೆ ಹೊರಬರಬಹುದು. ಬೀಡಿ ಸಿಗರೇಟು ಬಿಡದವರು ಈ ಲೆಕ್ಕವನ್ನು ತಾವೇ ಕೆಡಿಸಿಕೊಳ್ಳುತ್ತಾರೆ. ಸೆಳೆತ ಬೇಗ ಹೋದರೂ ಪಾದದ ಜೋಮು ತಿಂಗಳುಗಟ್ಟಲೆ ಉಳಿಯಬಹುದು, ಅದಕ್ಕೆ ಗಾಬರಿ ಬೇಡ.

ಆ ಸ್ಕ್ರೂ ವಿಷಯ ನನಗೆ ಒಪ್ಪಿಗೆಯಿಲ್ಲ. ಮೊದಲ ಸಲ ಹೊರಬಂದ ಡಿಸ್ಕಿಗೆ, ಮೂಳೆ ಜಾರದೆ, ಬೆನ್ನು ಸಡಿಲವಾಗಿಲ್ಲದೆ ಇದ್ದರೆ ಸ್ಕ್ರೂ ರಾಡು ಬೇಕಿಲ್ಲ. ಹೊರಬಿದ್ದ ತುಣುಕನ್ನಷ್ಟೇ ತೆಗೆದರೆ ಸಾಕು. ಆ ವೈದ್ಯರನ್ನು ನೇರವಾಗಿ ಕೇಳಿ: ‘ನನ್ನ ಮೂಳೆ ಜಾರಿದೆಯೇ? ಬಗ್ಗಿ ನಿಂತು ತೆಗೆದ ಎಕ್ಸ್‌ರೇಯಲ್ಲಿ ಅದು ಕಾಣುತ್ತದೆಯೇ? ಸ್ಕ್ರೂ ಇಲ್ಲದೆ ಏಕೆ ಆಗದು?’ ಉತ್ತರ ಕೊಡದೆ ರೇಗಿದರೆ ಫೈಲು ಎತ್ತಿಕೊಂಡು ಹೊರಗೆ ಬನ್ನಿ. ಎರಡನೆಯ ಅಭಿಪ್ರಾಯ ಕೇಳುವುದು ಯಾರಿಗೂ ಅವಮಾನವಲ್ಲ.

ಕೊಯ್ಲಿನ ಲೆಕ್ಕವನ್ನೂ ಸರಿಯಾಗಿ ಹಾಕಿ. ನವೆಂಬರಿಗೆ ಅರೇಬಿಕಾ ಹಣ್ಣಾಗುತ್ತದೆ ಎಂದು ಅಕ್ಟೋಬರಿನಲ್ಲಿ ಆಪರೇಷನ್ ಮಾಡಿಸಿದರೆ ಕೊಯ್ಲಿನಲ್ಲಿ ಮೂಟೆ ಹೊರುವವರು ನೀವಾಗಿರುವುದಿಲ್ಲ. ನಡೆಯಬಹುದು, ಆಳುಗಳ ಮೇಲ್ವಿಚಾರಣೆ ನೋಡಬಹುದು. ಭಾರ ಎತ್ತುವ ಕೆಲಸಕ್ಕೆ ಮರಳಲು ಆರರಿಂದ ಹನ್ನೆರಡು ವಾರ ಬೇಕು. ಮಾಡಿಸಿದರೂ ಮಾಡಿಸದಿದ್ದರೂ ಈ ಸಲದ ಮೂಟೆ ಬೇರೆಯವರ ಹೆಗಲಿಗೆ ಎಂದು ಈಗಲೇ ತೀರ್ಮಾನಿಸಿ. ಕರಿಮೆಣಸಿನ ಏಣಿಯನ್ನೂ ಮುಟ್ಟಬೇಡಿ.

ಅಲ್ಲಿಯವರೆಗೆ ಹಾಸಿಗೆ ಹಿಡಿಯಬೇಡಿ. ತಡೆಯಲಾರದ ನೋವಿದ್ದಾಗ ಒಂದೆರಡು ದಿನ ಮಲಗಿದರೆ ಸಾಕು, ಆಮೇಲೆ ತೋಟದ ಸಮತಟ್ಟಾದ ದಾರಿಯಲ್ಲಿ ದಿನಕ್ಕೆ ನಾಲ್ಕಾರು ಸಲ ಸ್ವಲ್ಪ ಸ್ವಲ್ಪ ನಡೆಯಿರಿ. ಬಿಪಿ, ಸಕ್ಕರೆ, ಮೂತ್ರಪಿಂಡದ ತೊಂದರೆ ಇರುವವರು ನೋವಿನ ಮಾತ್ರೆಯನ್ನು ಅಂಗಡಿಯಿಂದ ತಾವಾಗಿ ತಂದು ವಾರಗಟ್ಟಲೆ ನುಂಗಬಾರದು. ನರದ ಬೇರಿನ ಬಳಿ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡಬಹುದು. ನಿದ್ದೆಯೇ ಇಲ್ಲದವರಿಗೆ ಅದೂ ಒಂದು ದಾರಿ.

ತರೀಕೆರೆಯಿಂದ: ತಾಯಿಗೆ ಡಿಸ್ಕ್ ತೊಂದರೆ. ಎರಡು ದಿನದಿಂದ ಎರಡೂ ಕಾಲು ಜೋಮು, ಮೂತ್ರ ಕಟ್ಟಿದಂತಿದೆ. ಯಾವ ಔಷಧ ಒಳ್ಳೆಯದು?

ಇದನ್ನು ಅಂಕಣಕ್ಕೆ ಬರೆದು ಉತ್ತರಕ್ಕೆ ಕಾಯಬಾರದು! ಓದಿದ ಕೂಡಲೇ ಅವರಿಗೆ ಫೋನ್ ಮಾಡಿಸಿದ್ದೇನೆ. ಉಳಿದವರೂ ಕೇಳಿ: ಮೂತ್ರ ಬರದಿರುವುದು ಅಥವಾ ತಿಳಿಯದೆ ಹೋಗುವುದು, ಮಲ ಹಿಡಿತ ತಪ್ಪುವುದು, ಗುದ ಮತ್ತು ಜನನಾಂಗದ ಸುತ್ತ, ಕೂತರೆ ಕುರ್ಚಿಗೆ ತಾಗುವ ಜಾಗದಲ್ಲಿ ಸ್ಪರ್ಶ ಸತ್ತಂತಾಗುವುದು, ಎರಡೂ ಕಾಲಿಗೆ ಸೆಳೆತ ಇಳಿಯುವುದು. ಇದರಲ್ಲಿ ಯಾವುದು ಕಂಡರೂ ಅದೇ ಗಂಟೆಯಲ್ಲಿ ಹೊರಡಿ. ಆಪರೇಷನ್ 48 ಗಂಟೆಯೊಳಗೆ, ಸಾಧ್ಯವಾದರೆ ಇನ್ನೂ ಬೇಗ ಆಗಬೇಕು. ತಡವಾದರೆ ಜೀವನಪೂರ್ತಿ ಮೂತ್ರದ ಕೊಳವೆ ಉಳಿಯಬಹುದು. ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ, ‘ಈ ರಾತ್ರಿ ಎಂಆರ್‌ಐ ಆಗುತ್ತದೆಯೇ, ಬೆನ್ನಿನ ಆಪರೇಷನ್ ಮಾಡುವವರು ಇದ್ದಾರೆಯೇ’ ಎಂದು ಕೇಳಿ. ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆಯವರು ಮಂಗಳೂರಿಗೆ ಹೊರಟು ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಮಣ್ಣು ಕುಸಿದು ಸಿಕ್ಕಿಕೊಂಡರೆ ಆ ಗಂಟೆಗಳು ಮತ್ತೆ ಬರುವುದಿಲ್ಲ. ದಾರಿ ತೆರೆದಿದೆಯೇ ಎಂದೂ ವಿಚಾರಿಸಿಕೊಳ್ಳಿ.

ಬೇಲೂರಿನಿಂದ: ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನು ತುಳಿಸಿದರೆ ಡಿಸ್ಕ್ ಕೂರುತ್ತದೆಯೇ?

ಇಲ್ಲ. ಯಾರು ಹೇಗೆ ಹುಟ್ಟಿದ್ದರೂ ನಿಮ್ಮ ಬೆನ್ನಿನ ಮೇಲೆ ಕಾಲಿಡಲು ಬಿಡಬೇಡಿ.

ಅರಸೀಕೆರೆಯಿಂದ: ನರ ಎಳೆದು ಕೂರಿಸುವವರ ಬಳಿ 68 ವರ್ಷದ ತಂದೆಯನ್ನು ಕರೆದುಕೊಂಡು ಹೋಗಬಹುದೇ? ರಾತ್ರಿ ನೋವು ಹೆಚ್ಚು, ಮೂರು ತಿಂಗಳಲ್ಲಿ ತೂಕವೂ ಇಳಿದಿದೆ.

ಖಂಡಿತ ಬೇಡ. ಈ ವಯಸ್ಸಿನಲ್ಲಿ ತೂಕ ಇಳಿದು ರಾತ್ರಿ ನೋಯುವ ಬೆನ್ನನ್ನು ಡಿಸ್ಕ್ ಎಂದು ಊಹಿಸಲೂ ಬಾರದು. ಕ್ಷಯವೋ ಗಡ್ಡೆಯೋ ಇದ್ದು ಮೂಳೆ ಟೊಳ್ಳಾಗಿದ್ದರೆ ಒಂದು ಹೊರಳಿಕೆಗೆ ಅದು ಮುರಿದು ಎರಡೂ ಕಾಲಿನ ಸ್ವಾಧೀನ ಹೋಗಬಹುದು. ಈ ವಾರವೇ ರಕ್ತಪರೀಕ್ಷೆ, ಎಂಆರ್‌ಐ ಮಾಡಿಸಿ.

ಚಿಕ್ಕಮಗಳೂರಿನಿಂದ: ಬೆಲ್ಟ್ ಎಷ್ಟು ತಿಂಗಳು ಹಾಕಬೇಕು? ಮರದ ಹಲಗೆಯ ಮೇಲೆ ಮಲಗಬೇಕೇ?

ಬೆಲ್ಟ್ ಡಿಸ್ಕನ್ನು ಒಳಗೆ ತಳ್ಳುವುದಿಲ್ಲ. ಬಸ್ ಪ್ರಯಾಣಕ್ಕೆ ಹಾಕಿಕೊಂಡು ಮನೆಗೆ ಬಂದು ಬಿಚ್ಚಿ. ಹಲಗೆ ಬೇಡ.

ಕೊಪ್ಪದಿಂದ: ವಾರಕ್ಕೊಮ್ಮೆ ಸಂತೆಗೆ ಬರುವವರು ಕೊಟ್ಟ ಪುಡಿಯಿಂದ ಮೂರು ದಿನಕ್ಕೇ ನೋವು ಹೋಯಿತು. ಐದು ತಿಂಗಳಿಂದ ತೆಗೆದುಕೊಳ್ಳುತ್ತಿದ್ದೇನೆ, ಮುಖ ಸ್ವಲ್ಪ ಊದಿದೆ. ಮುಂದುವರಿಸಲೇ?

ಹೆಸರಿಲ್ಲದ ಪುಡಿ ಮೂರು ದಿನಕ್ಕೆ ನೋವು ಕಳೆದು ಮುಖ ಊದಿಸಿದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿದ್ದಾರೆ ಎಂಬುದೇ ನನ್ನ ಮೊದಲ ಅನುಮಾನ. ಮಾರುವವರ ಮೇಲಿನ ಕೋಪದಲ್ಲಿ ಇವತ್ತೇ ಪೊಟ್ಟಣ ಎಸೆದು ಬಿಟ್ಟುಬಿಡಬೇಡಿ. ಐದು ತಿಂಗಳು ತೆಗೆದುಕೊಂಡ ಸ್ಟಿರಾಯ್ಡನ್ನು ಥಟ್ಟನೆ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ನಾಳೆ ಬೆಳಿಗ್ಗೆ ಫಿಸಿಷಿಯನ್ ಒಬ್ಬರನ್ನು ಕಾಣಿ, ಸಕ್ಕರೆ ಮತ್ತು ಬಿಪಿ ನೋಡಿಸಿ, ಹಂತ ಹಂತವಾಗಿ ಬಿಡುವ ಕ್ರಮವನ್ನು ಬರೆಸಿಕೊಳ್ಳಿ. ಉಳಿದ ಪುಡಿಯನ್ನು ಜೊತೆಗೆ ತೆಗೆದುಕೊಂಡು ಹೋಗಿ ಅವರಿಗೆ ತೋರಿಸಿ.